ನಮ್ಮ ಮನೆಯ ಕೈಮರ

ಅರವತ್ತು ದಾಟಿದ ಮನುಷ್ಯನು ತೀರ್ಥಯಾತ್ರೆಗೆ ಹೊರಟರೆ ಜನರು ಕೈಮುಗಿಯುತ್ತಾರೆ. ಮನೆ ಕಟ್ಟಿಸಲು ಹೊರಟರೆ ಕನಿಕರಪಡುತ್ತಾರೆ. ಆಟದ ರೈಲು ಕಟ್ಟಲು ಕುಳಿತರೆ ಏನು ಮಾಡುತ್ತಾರೆಂಬುದು ನನಗೆ ಕಳೆದ ವರ್ಷದ ಶ್ರಾವಣದಲ್ಲಿ ತಿಳಿಯಿತು. ರೋಣದ ನಮ್ಮ ಮನೆಯ ಪಡಸಾಲೆಯಲ್ಲಿ ಹಳೆಯ ಬಾಗಿಲೊಂದನ್ನು ಅಡ್ಡಹಾಕಿ, ಅದರ ಮೇಲೆ ಹಳಿ ಜೋಡಿಸುತ್ತ ನಾನು ಮೊಳಕಾಲೂರಿ ಕುಳಿತಿದ್ದಾಗ ನೆರೆಯವರು ಒಬ್ಬೊಬ್ಬರಾಗಿ ಬಂದರು, ನೋಡಿದರು, ಏನೂ ಮಾತನಾಡದೆ ಹೊರಟುಹೋದರು. ಹೊರಗೆ ಹೋಗಿ ನಮ್ಮ ಮನೆಯವಳನ್ನು ಮೆಲ್ಲನೆ ಕೇಳಿದರಂತೆ: “ಮಾಸ್ತರ ಪ್ರಕೃತಿ ಹ್ಯಾಂಗೈತ್ರೀ?”

ಪ್ರಕೃತಿ ಚೆನ್ನಾಗಿಯೇ ಇತ್ತು. ಕೆಟ್ಟಿದ್ದರೆ ಅದಕ್ಕೆ ಕಾರಣ ನನ್ನ ಮೊಮ್ಮಗ. ನನ್ನ ಮಗನು ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಉದ್ಯೋಗದಲ್ಲಿದ್ದಾನೆ. ಅಲ್ಲಿಯ ಶಾಲೆಗಳಿಗೆ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ರಜೆ. ಹನ್ನೊಂದು ವರ್ಷದ ಹುಡುಗ ಆ ರಜೆಗೆ ಅಜ್ಜನ ಮನೆಗೆ ಬಂದವನು ಬಟ್ಟೆಬರೆಗಿಂತ ಹೆಚ್ಚು ತೂಕದ ಒಂದು ಪೆಟ್ಟಿಗೆಯನ್ನು ತಂದಿದ್ದ. ಅವನ ಕನ್ನಡಕ್ಕೆ ಐರಿಷ್ ರಾಗ ಹತ್ತಿದೆ; ಆದರೆ ಮಾತು ಮಾತ್ರ ನಿಖರ. “ಅಜ್ಜಾ, ಇದು ಆಟದ ಸಾಮಾನಲ್ಲ, ಮಾಡೆಲ್ಲು” ಎಂದು ಮೊದಲ ದಿನವೇ ನನ್ನನ್ನು ತಿದ್ದಿದ.

ಎರಡಕ್ಕೂ ಏನು ಅಂತರವೆಂದು ಕೇಳಿದೆ. ಆಟದ ರೈಲಿಗೆ ಓಡುವುದಷ್ಟೇ ಕೆಲಸ, ಮಾಡೆಲ್ಲಿಗೆ ಲೆಕ್ಕವಿರಬೇಕು. ನಿಜವಾದ ವಸ್ತುವಿನ ಪ್ರತಿಯೊಂದು ಅಳತೆಯನ್ನೂ 87ರಿಂದ ಭಾಗಿಸಬೇಕು. ಮೂವತ್ತು ವರ್ಷ ಗಣಿತ ಕಲಿಸಿದವನಿಗೆ ಇದಕ್ಕಿಂತ ದೊಡ್ಡ ಆಮಿಷ ಬೇಕೆ? ಇಪ್ಪತ್ತೈದು ಅಡಿಯ ಸಿಗ್ನಲ್ ಕಂಬ ಮೂರೂವರೆ ಅಂಗುಲವಾಯಿತು. ಆರಡಿಯ ಆಳು ಒಂದು ಅಂಗುಲಕ್ಕೂ ಕಡಿಮೆಯಾದ. ಅಲ್ಲಿಯ ತನಕ ಎಲ್ಲವೂ ಸೊಗಸು. ಆಮೇಲೆ ಸ್ಟೇಷನ್ನಿನ ಉದ್ದವನ್ನು ಲೆಕ್ಕ ಹಾಕಿದೆವು. ಈ ಕಡೆಯ ಕೊನೆಯ ಸಿಗ್ನಲ್ಲಿನಿಂದ ಆ ಕಡೆಯ ಕೊನೆಯ ಸಿಗ್ನಲ್ಲಿನ ವರೆಗೆ ಒಂದೇ ಮೈಲೆಂದು ಹಿಡಿದರೂ 87ರಿಂದ ಭಾಗಿಸಿದಾಗ ಅರವತ್ತು ಅಡಿ ಬರುತ್ತದೆ. ನಮ್ಮ ಪಡಸಾಲೆ ಹದಿನೆಂಟು ಅಡಿ. ಉಳಿದ ಸ್ಟೇಷನ್ನು ಅಡಿಗೆಮನೆ ದಾಟಿ ಹಿತ್ತಲಿನ ಬಾವಿಯವರೆಗೆ ಹೋಗಬೇಕಾಗಿತ್ತು. ಅಡಿಗೆಮನೆಯ ಒಡತಿಯ ಒಪ್ಪಿಗೆ ದೊರೆಯುವ ಸಂಭವವಿರಲಿಲ್ಲವಾದ್ದರಿಂದ, ಎಲ್ಲ ಕಡೆಯ ಮಾಡೆಲ್ಲುಗಾರರೂ ಮಾಡುವ ಹಾಗೆ, ಸತ್ಯವನ್ನು ಸ್ವಲ್ಪ ಮಡಿಚಿ ಎಂಟು ಅಡಿಯಲ್ಲಿ ಕೂರಿಸಿದೆವು.

ಯಾವ ಸ್ಟೇಷನ್ನು ಕಟ್ಟಬೇಕೆಂಬುದರ ಮೇಲೆ ಅಜ್ಜ ಮೊಮ್ಮಕ್ಕಳಲ್ಲಿ ವಾದವಾಯಿತು. ಅವನಿಗೆ ಐರ್ಲೆಂಡಿನ ಹಳ್ಳಿಯ ಸ್ಟೇಷನ್ನು ಬೇಕು, ನನಗೆ ನಮ್ಮದು. ತೀರ್ಪು ಕೊಟ್ಟದ್ದು ಅವನು ತಂದ ಹಳಿಯೇ. ಐರ್ಲೆಂಡಿನ ಮುಖ್ಯ ಹಳಿಗಳ ನಡುವಣ ಅಂತರ ಐದಡಿ ಮೂರಂಗುಲ, ಎಂದರೆ 1600 ಮಿಲಿಮೀಟರು. ನಮ್ಮ ಹಳೆಯ ಮೀಟರ್ ಗೇಜು, ಹೆಸರೇ ಹೇಳುವಂತೆ, 1000. ಪೆಟ್ಟಿಗೆಯಲ್ಲಿದ್ದ ಹಳಿಯ ಅಂತರ 12 ಮಿಲಿಮೀಟರು. ಭಾಗಿಸಿ ನೋಡಿದರೆ ಅದು ಮೀಟರ್ ಗೇಜಿಗೆ ಮಾತ್ರ ಹೊಂದುತ್ತದೆ. ತನ್ನ ಅಜ್ಜನ ಸೀಮೆಯನ್ನು ನೆನೆದೇ ನನ್ನ ಮಗ ಆ ಹಳಿಯನ್ನು ಕೊಂಡುಕೊಟ್ಟಿರಬೇಕು. ಹುಡುಗ ಸೋತನು, ಆದರೆ ಪೂರ್ತಿ ಸೋಲಲಿಲ್ಲ. “ಲೈನು ನಿಮ್ಮದು, ಸಿಗ್ನಲ್ಲು ನಮ್ಮದು” ಎಂದು ಕರಾರು ಮಾಡಿಕೊಂಡ. ಐರ್ಲೆಂಡಿನ ಸಿಗ್ನಲ್ಲುಗಳ ಚಿತ್ರಗಳನ್ನು ಅವನು ಒಂದು ದಪ್ಪ ಪುಸ್ತಕದಲ್ಲಿ ಅಂಟಿಸಿಕೊಂಡು ತಂದಿದ್ದ.

ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯನ್ನು ಅರಿಯದ ವಾಚಕರಿಗೆ ಇಲ್ಲಿ ಎರಡು ಮಾತು ಹೇಳಬೇಕು. ಇದು ಎರೆ ಭೂಮಿಯ ನಾಡು. ನಮ್ಮ ತಾಲೂಕಿನ ಅಂಚಿನಲ್ಲಿ ಗದಗದಿಂದ ಹೊಟಗಿಗೆ ಹೋಗುವ ರೈಲುದಾರಿ ಹಾದಿದೆ. 1882ರಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೇಲ್ವೆ ಕಂಪನಿಯವರು ಹಾಕಿಸಿದ ಮೀಟರ್ ಗೇಜಿನ ದಾರಿ ಅದು. ಮಲ್ಲಾಪುರ, ಹೊಳೆಆಲೂರು ನಮ್ಮ ಸ್ಟೇಷನ್ನುಗಳು. ಹೊಳೆಆಲೂರು ದಾಟಿದರೆ ಮಲಪ್ರಭೆಯ ಸೇತುವೆ, ಅದರಾಚೆ ಬದಾಮಿಯ ಕೆಂಪು ಕಲ್ಲಿನ ಗುಡ್ಡಗಳು. ನರಗುಂದಕ್ಕಾಗಲಿ ಗಜೇಂದ್ರಗಡಕ್ಕಾಗಲಿ ರೈಲು ಇಂದಿಗೂ ಹೋಗಿಲ್ಲ. ಈ ಶತಮಾನದ ಮೊದಲ ದಶಕದಲ್ಲಿ ನಮ್ಮ ದಾರಿ ಬ್ರಾಡ್ ಗೇಜಾಯಿತು. ಕೈಬೀಸುತ್ತಿದ್ದ ಕಂಬಗಳು ಹೋಗಿ ಬಣ್ಣದ ದೀಪಗಳು ಬಂದವು.

ರೈಲು ಕಾಣದ ಆ ಎರಡು ಊರುಗಳೇ ನಮ್ಮ ರೈಲಿಗೆ ಹೆಚ್ಚು ಉಪಕಾರ ಮಾಡಿದವು. ನರಗುಂದದಲ್ಲಿ ಗಡಿಯಾರ ರಿಪೇರಿ ಮಾಡುವ ಒಬ್ಬರು ಹಿತ್ತಾಳೆಯ ಸೂಜಿಯಂಥ ಕಡ್ಡಿಗಳನ್ನೂ ಸನ್ನೆಗಳನ್ನೂ ಮಾಡಿಕೊಟ್ಟರು. ಸಿಗ್ನಲ್ಲಿನ ತಂತಿಗೆ ಬೇಕಾದ ನೂಲು ಬಂದದ್ದು ಪಟ್ಟೇದ ಅಂಚಿನ ಸೀರೆಗೆ ಹೆಸರಾದ ಗಜೇಂದ್ರಗಡದ ಮಗ್ಗದಿಂದ. ಕಂಬಗಳಿಗೆ ಬಿದಿರಿನ ಸೀಳು, ಸ್ಟೇಷನ್ನಿನ ಗೋಡೆಗೆ ಜೋಳದ ದಂಟಿನ ಬೆಂಡು. ಎಳೆತನದಲ್ಲಿ ಅದೇ ಬೆಂಡಿನಿಂದ ಚಕ್ಕಡಿ ಮಾಡಿ ಆಡಿದ ಕೈಗಳಿವು, ಮರೆತಿರಲಿಲ್ಲ. ಹೊಲದ ಎರೆಮಣ್ಣನ್ನು ಬಟ್ಟೆಯಲ್ಲಿ ಸೋಸಿ ಅಂಟಿನ ಮೇಲೆ ಉದುರಿಸಿದೆವು. ಎಂಜಿನ್ನು ಮಾತ್ರ ನಮ್ಮದಲ್ಲ. ನಮ್ಮ ದಾರಿಯಲ್ಲಿ ಓಡುತ್ತಿದ್ದ ವೈಪಿ ಜಾತಿಯ ಉಗಿಬಂಡಿಯ ಮಾಡೆಲ್ಲು ಹುಡುಗನಿಗೆ ಸಿಕ್ಕಿರಲಿಲ್ಲವಾಗಿ, ಸ್ವಿಟ್ಜರ್ಲೆಂಡಿನ ಬೆಟ್ಟದ ಎಂಜಿನ್ನೊಂದು ಮೈಗೆ ಕಪ್ಪು ಬಳಿದುಕೊಂಡು ರೋಣದ ಎರೆಯಲ್ಲಿ ಓಡಾಡಿತು. ನಾನು ಬಲ್ಲ ಎಷ್ಟೋ ದೊಡ್ಡ ಮನುಷ್ಯರು ಇದಕ್ಕಿಂತ ತೆಳುವಾದ ವೇಷದಲ್ಲಿ ಬಾಳಿಹೋಗಿದ್ದಾರೆ.

ಇಷ್ಟೆಲ್ಲ ನಡೆಯುವಾಗ ನಮ್ಮ ತಂದೆಯವರು ಪಡಸಾಲೆಯ ಮೂಲೆಯಲ್ಲಿ ತಮ್ಮ ಆರಾಮಕುರ್ಚಿಯಲ್ಲಿ ಕುಳಿತು ಗೋಡೆಯನ್ನು ನೋಡುತ್ತಿದ್ದರು. ಅವರಿಗೆ ಈಗ ಎಂಬತ್ತೆಂಟು. ಕಣ್ಣು ಮಬ್ಬಾಗಿದೆ, ಕಿವಿ ಚುರುಕಾಗಿದೆ. ಅವರು ರೇಲ್ವೆಯಲ್ಲಿ ಮೊದಲು ಪಾಯಿಂಟ್ಸ್‌ಮನ್ ಆಗಿ, ಆಮೇಲೆ ಕ್ಯಾಬಿನ್‌ಮನ್ ಆಗಿ ಮೂವತ್ತೇಳು ವರ್ಷ ದುಡಿದವರು. ಈ ಸಂಗತಿಯನ್ನು ನಾನು ಬರೆದು ತೋರಿಸುತ್ತಿರುವುದು ಬಹುಶಃ ಇದೇ ಮೊದಲು. ಹೈಸ್ಕೂಲಿಗೆ ಸೇರಿದಾಗ ಅರ್ಜಿಯಲ್ಲಿ ತಂದೆಯ ಉದ್ಯೋಗವೆಂಬಲ್ಲಿ ‘ರೇಲ್ವೆ ನೌಕರಿ’ ಎಂದಷ್ಟೇ ಬರೆದೆ. ಗೆಳೆಯರು ಕೇಳಿದರೆ ಸ್ಟೇಷನ್ ಮಾಸ್ತರರೆಂದೆ. ನೀಲಿ ಅಂಗಿ, ಸೀಮೆ ಎಣ್ಣೆಯ ವಾಸನೆ, ಹೆಗಲಿಗೆ ಬೆತ್ತದ ಬಳೆ—ಇವುಗಳನ್ನು ಹೊತ್ತು ಅವರು ಒಮ್ಮೆ ಶಾಲೆಯ ಬಾಗಿಲಿಗೆ ನನ್ನ ಬುತ್ತಿಯನ್ನು ತಂದಾಗ ನಾನು ಹೊರಗೆ ಬರಲಿಲ್ಲ. ಗೆಳೆಯನ ಕೈಯಲ್ಲಿ ತರಿಸಿಕೊಂಡೆ. ಅವರು ಆ ಮಾತನ್ನು ಎಂದೂ ಎತ್ತಲಿಲ್ಲ. ತಮ್ಮ ಕೆಲಸದ ಮಾತನ್ನೂ ಮನೆಯಲ್ಲಿ ಎಂದೂ ಎತ್ತಲಿಲ್ಲ.

ಎತ್ತಿಸಿದವನು ಮರಿಮಗ. ಒಂದು ಮಳೆಯ ಮಧ್ಯಾಹ್ನ ಅವನು ತನ್ನ ಚಿತ್ರದ ಪುಸ್ತಕವನ್ನು ಮುತ್ತಜ್ಜನ ತೊಡೆಯ ಮೇಲಿಟ್ಟು, ಒಂದು ಚಿತ್ರವನ್ನು ತೋರಿಸಿ, “ಇದು ಐರಿಷ್ ಸಿಗ್ನಲ್ಲು” ಎಂದ. ಎತ್ತರದ ಕಂಬ, ಬಿಳಿ ಪಟ್ಟೆಯ ಕೆಂಪು ಕೈ, ಕೈ ಕೆಳಕ್ಕೆ ಬಾಗಿದೆ. ತಂದೆಯವರು ಪುಸ್ತಕವನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು ಬಹಳ ಹೊತ್ತು ನೋಡಿದರು.

“ಇದು ನಮ್ಮ ಕೈನ ಐತಲ್ಲೋ” ಎಂದರು.

ಹುಡುಗ ಒಪ್ಪಲಿಲ್ಲ. ಅವರು ಬೆರಳಿಟ್ಟು ತೋರಿಸಿದರು: ಕೈ ಅಡ್ಡಲಾಗಿ ನಿಂತರೆ ನಿಲ್ಲು, ಕೆಳಕ್ಕೆ ಬಿದ್ದರೆ ಬಾ. ನಮ್ಮ ಸೀಮೆಯ ಹಳ್ಳಿಯವರು ‘ಸಿಗ್ನಲ್ ಬಿತ್ತು, ಗಾಡಿ ಬಂತು’ ಎಂದು ಓಡುತ್ತಿದ್ದುದು ಅದಕ್ಕೇ. ಬೇರೆ ಕೆಲವು ಕಡೆ ದಾರಿ ಬಿಡುವಾಗ ಕೈ ಮೇಲಕ್ಕೇಳುತ್ತದೆ. ಐರ್ಲೆಂಡಿನಲ್ಲಿಯೂ ನಮ್ಮ ಮೀಟರ್ ಗೇಜಿನಲ್ಲಿಯೂ ಬಹುಮಟ್ಟಿಗೆ ಬೀಳುವ ಕೈಯೇ. ಹುಡುಗ ಪುಟ ತಿರುಗಿಸಿ ಸನ್ನೆಗೋಲುಗಳ ಮನೆಯನ್ನು ತೋರಿಸಿ, ಇಂಗ್ಲೆಂಡಿನವರು ಇದನ್ನು ಬಾಕ್ಸ್ ಎನ್ನುತ್ತಾರೆ, ನಾವು ಐರ್ಲೆಂಡಿನವರು ಕ್ಯಾಬಿನ್ ಎನ್ನುತ್ತೇವೆ ಎಂದ. ‘ನಾವು ಐರ್ಲೆಂಡಿನವರು’ ಎಂಬ ಮಾತು ನನ್ನನ್ನು ಸ್ವಲ್ಪ ಚುಚ್ಚಿತು. ತಂದೆಯವರಿಗೆ ಕೇಳಿಸಿದ್ದು ಬೇರೆಯೇ ಒಂದು ಶಬ್ದ. “ಕ್ಯಾಬಿನ್ ಅಂದ್ಯಾ? ನಾವೂ ಕ್ಯಾಬಿನ್ನ ಅಂತೀವಿ” ಎಂದು ಕುರ್ಚಿಯಲ್ಲಿ ನೆಟ್ಟಗೆ ಕುಳಿತರು.

ಅಂದಿನಿಂದ ನನಗೆ ಕೆಲಸವಿಲ್ಲದಂತಾಯಿತು. ಮುತ್ತಜ್ಜನೂ ಮರಿಮಗನೂ ಕೂಡಿಬಿಟ್ಟರು. ಒಂದೇ ಹಳಿಯ ದಾರಿಯಲ್ಲಿ ಎರಡು ಗಾಡಿಗಳು ಎದುರುಬದುರಾಗದಂತೆ ಐರ್ಲೆಂಡಿನಲ್ಲಿ ಚಾಲಕನ ಕೈಗೆ ಒಂದು ಕೋಲನ್ನು ಕೊಡುತ್ತಿದ್ದರು. ಕೋಲು ಕೈಯಲ್ಲಿಲ್ಲದೆ ಗಾಡಿ ಮುಂದಿನ ದಾರಿಗೆ ಹೊರಡುವಂತಿಲ್ಲ. ತಂದೆಯವರು ದುಡಿದ ಸ್ಟೇಷನ್ನುಗಳಲ್ಲಿ ಕೋಲಿನ ಬದಲು ಉಕ್ಕಿನ ಗುಂಡು. ಎರಡು ಸ್ಟೇಷನ್ನುಗಳ ಯಂತ್ರಗಳು ವಿದ್ಯುತ್ ತಂತಿಯಿಂದ ಒಂದಕ್ಕೊಂದು ಬಿಗಿದಿರುತ್ತಿದ್ದವು. ಒಂದು ಗುಂಡು ಹೊರಗೆ ಬಂತೆಂದರೆ, ಅದು ಈ ಯಂತ್ರಕ್ಕಾಗಲಿ ಆ ಯಂತ್ರಕ್ಕಾಗಲಿ ಮರಳುವ ತನಕ ಎರಡನೆಯದು ಹೊರಬೀಳದು. ಆ ಗುಂಡನ್ನು ತೊಗಲಿನ ಚೀಲದಲ್ಲಿಟ್ಟು ಬೆತ್ತದ ಬಳೆಗೆ ಕಟ್ಟಿ, ಓಡುವ ಎಂಜಿನ್ನಿನಿಂದ ಬಾಗಿದ ಕೈಗೆ ಸಿಕ್ಕುವಂತೆ ಎತ್ತಿಹಿಡಿದು ನಿಲ್ಲಬೇಕು. ನನ್ನ ಶಾಲೆಯ ಬಾಗಿಲಿಗೆ ಬಂದಿದ್ದ ಬಳೆ ಅದೇ. ಅದರೊಳಗೆ ಒಂದು ಗಾಡಿಯ ಜನರ ಪ್ರಾಣವಿರುತ್ತಿತ್ತೆಂದು ನನಗೆ ಅರುವತ್ತೆರಡನೆಯ ವಯಸ್ಸಿನಲ್ಲಿ, ಹನ್ನೊಂದು ವರ್ಷದ ಹುಡುಗನ ಜೊತೆಗೆ ಕುಳಿತು ಕೇಳಿದಾಗ ಗೊತ್ತಾಯಿತು.

ನಮ್ಮ ಕೈಮರ ಸಿದ್ಧವಾದದ್ದು ಆಗಸ್ಟ್ ಮೊದಲ ವಾರದಲ್ಲಿ. ಎಣ್ಣೆಯ ಡಬ್ಬಿಯ ತಗಡಿನಿಂದ ಕತ್ತರಿಸಿದ ಕೈ. ಕೆಂಪು ಬಣ್ಣ, ಬಿಳಿ ಪಟ್ಟೆ. ಗಜೇಂದ್ರಗಡದ ನೂಲು ಹಲಗೆಯ ಕೆಳಗಿನಿಂದ ಹಾದು ಸನ್ನೆಗೋಲಿಗೆ ಸೇರಿತ್ತು. ನೂಲನ್ನು ಬಿಗಿದರೆ ಕೈ ಏಳುವುದು, ಸಡಿಲಿಸಿದರೆ ತನ್ನ ಭಾರಕ್ಕೆ ತಾನೇ ಬೀಳುವುದು. ಚಿತ್ರದಲ್ಲಿರುವುದಕ್ಕೂ ಇದಕ್ಕೂ ಕೂದಲೆಳೆಯ ಭೇದವಿರಲಿಲ್ಲ. ನಾವಿಬ್ಬರೂ ಹೆಮ್ಮೆಯಿಂದ ಉಬ್ಬಿ ತಂದೆಯವರನ್ನು ಕೈಹಿಡಿದು ಕರೆತಂದೆವು. ಅವರು ಬಾಗಿ, ಸವರಿ, ಸನ್ನೆಗೋಲನ್ನು ಎರಡು ಸಲ ಆಡಿಸಿದರು. ಕೈಯನ್ನು ಮೇಲಕ್ಕೆ ನಿಲ್ಲಿಸಿದರು. ಆಮೇಲೆ ನನ್ನ ಕಡೆಗೆ ತಿರುಗಿ,

“ಕತ್ತರಿ ತಾ” ಎಂದರು.

ಎಲ್ಲಿಯೋ ಎಳೆ ಬಿಟ್ಟಿರಬೇಕೆಂದು ತಿಳಿದು ಕೊಟ್ಟೆ. ಅವರು ಹಲಗೆಯ ಕೆಳಗೆ ಕೈಹಾಕಿ ನೂಲನ್ನು ಕತ್ತರಿಸಿಬಿಟ್ಟರು. ಕೈ ಟಪ್ಪೆಂದು ಕೆಳಕ್ಕೆ ಬಿತ್ತು.

“ಗಾಡಿ ಹೋತು” ಎಂದರು ತಂದೆಯವರು.

ಹುಡುಗನ ಕಣ್ಣಲ್ಲಿ ನೀರಾಡಿತು. ನನಗೂ ಸಿಟ್ಟು ಬಂದಿತ್ತೆಂದು ಒಪ್ಪಿಕೊಳ್ಳುತ್ತೇನೆ. ಹದಿನೈದು ದಿನದ ದುಡಿಮೆ. ಅವರು ನಮ್ಮ ಮುಖ ನೋಡದೆ, ಬಿದ್ದ ಕೈಯನ್ನೇ ನೋಡುತ್ತ ಹೇಳಿದರು: “ತಂತಿ ಹರಿದ್ರೂ, ಸನ್ನಿಕೋಲು ಮುರದ್ರೂ, ಕ್ಯಾಬಿನ್ನಾಗಿನ ಮನಿಷ್ಯಾ ಸತ್ತ ಬಿದ್ರೂ, ಕೈ ಮ್ಯಾಲ ಹೋಗಬೇಕು. ಕೆಳಗ ಬೀಳಬಾರದು. ಬಣ್ಣ ಚಲೋ ಹಚ್ಚೀರಿ.”

ಬೀಳುವ ಕೈಯ ತೊಡಕು ಇದೇ. ಭೂಮಿ ಅದನ್ನು ಸದಾ ಕೆಳಕ್ಕೆ, ಎಂದರೆ ‘ಬಾ’ ಎಂಬ ಕಡೆಗೇ ಎಳೆಯುತ್ತಿರುತ್ತದೆ. ಅದಕ್ಕೇ ನಿಜವಾದ ಕಂಬದಲ್ಲಿ ಕೈಯ ಹಿಂಬದಿಗೆ, ಬಣ್ಣದ ಗಾಜುಗಳನ್ನು ಕೂರಿಸಿದ ಕಬ್ಬಿಣದ ಚೌಕಟ್ಟನ್ನು ಕೈಗಿಂತ ಭಾರವಾಗಿ ಮಾಡಿರುತ್ತಾರೆ. ಕಂಬದ ಬುಡದಲ್ಲಿ ಗುಂಡುತೂಕದ ಇನ್ನೊಂದು ಸನ್ನೆ. ಇವೆರಡೂ ಕೈಯನ್ನು ಮೇಲಕ್ಕೆ ಒತ್ತಿಹಿಡಿಯುತ್ತವೆ. ಕ್ಯಾಬಿನ್ನಿನಿಂದ ಮೈಮುರಿದು ಎಳೆದರೆ ಮಾತ್ರ ಕೈ ಇಳಿಯಬೇಕು. ದಾರಿ ಬಿಡುವುದಕ್ಕೆ ಮನುಷ್ಯನ ಬಲ ಬೇಕು. ತಡೆಯುವುದಕ್ಕೆ ಯಾರೂ ಬೇಕಾಗಿಲ್ಲ. ನಾವು ಚಿತ್ರವನ್ನು ನೋಡಿ ಕಟ್ಟಿದವರು. ಕೈ ಯಾವ ಬಲದಿಂದ ಏಳುತ್ತದೆ ಎಂದು ಕೇಳಿಯೇ ಇರಲಿಲ್ಲ.

ಆ ರಾತ್ರಿ ನನ್ನ ಮಗನಿಗೆ ಫೋನಿನಲ್ಲಿ ಈ ಕತೆಯನ್ನು ಹೇಳಿದಾಗ ಅವನು ಆರ್ಮಾ ಎಂಬ ಐರಿಷ್ ಊರಿನ ಹೆಸರು ಹೇಳಿದ. 1889ರ ಜೂನ್ 12ರಂದು ಅಲ್ಲಿಂದ ಒಂದು ಗಾಡಿ ಮಕ್ಕಳನ್ನೂ ಹಿರಿಯರನ್ನೂ ತುಂಬಿಕೊಂಡು ಸಮುದ್ರತೀರದ ವಿಹಾರಕ್ಕೆ ಹೊರಟಿತು. ಏರಿನಲ್ಲಿ ಎಂಜಿನ್ನಿಗೆ ಎಳೆಯಲಾಗದೆ ನಿಂತುಬಿಟ್ಟಿತು. ಗಾಡಿಯನ್ನು ಎರಡು ಭಾಗ ಮಾಡಿ, ಮುಂದಿನದನ್ನು ಮೊದಲು ಒಯ್ದು ಹಿಂದಿನದಕ್ಕೆ ಮರಳಿ ಬರಬೇಕೆಂದು ನಿಶ್ಚಯಿಸಿದರು. ಅದರ ಬ್ರೇಕು ಎಂಜಿನ್ನಿಗೆ ಕೊಳವೆ ಕೂಡಿರುವ ತನಕ ಮಾತ್ರ ಹಿಡಿಯುವಂಥದು. ಕೊಳವೆ ಕಳಚಿದೊಡನೆ ಹಿಂದಿನ ಡಬ್ಬಿಗಳಿಗೆ ಒಂದು ಕೈಬ್ರೇಕು, ಗಾಲಿಗಳಿಗೆ ಇಟ್ಟ ಕಲ್ಲುಗಳು, ಇಷ್ಟೇ ಗತಿ. ಮುಂದಿನ ಭಾಗ ಹೊರಡುವಾಗ ತುಸು ಹಿಂದಕ್ಕೆ ಜಾರಿ ತಾಗಿತು. ಕಲ್ಲುಗಳು ಪುಡಿಯಾದವು. ಜನರಿದ್ದ ಡಬ್ಬಿಗಳು ಇಳಿಜಾರಿನಲ್ಲಿ ಓಡಿದವು. ಅದೇ ಹಳಿಯ ಮೇಲೆ, ಇಷ್ಟು ನಿಮಿಷ ಕಳೆದಿದೆ ಎಂಬ ಗಡಿಯಾರದ ಭರವಸೆಯೊಂದರ ಮೇಲೆ ಬಿಟ್ಟ ಇನ್ನೊಂದು ಗಾಡಿ ಎದುರಿಗೆ ಬರುತ್ತಿತ್ತು. ಸುಮಾರು 80 ಜನರು ಸತ್ತರು. ಅವರಲ್ಲಿ ಎಷ್ಟೋ ಮಂದಿ ಮಕ್ಕಳು. ಅದೇ ವರ್ಷ ಬ್ರಿಟಿಷ್ ಪಾರ್ಲಿಮೆಂಟು ಕಾಯಿದೆ ಮಾಡಿತು: ಮುಂದಿನ ದಾರಿ ಖಾಲಿಯೆಂದು ತಿಳಿದ ಹೊರತು ಗಾಡಿ ಬಿಡಕೂಡದು, ಸಿಗ್ನಲ್ಲನ್ನೂ ಹಳಿಯ ಕತ್ತರಿಯನ್ನೂ ಒಂದಕ್ಕೊಂದು ಬಿಗಿದಿರಬೇಕು, ಪ್ರಯಾಣಿಕರ ಗಾಡಿ ತುಂಡಾದರೆ ತಾನಾಗಿಯೇ ಹಿಡಿಯುವ ಬ್ರೇಕಿರಬೇಕು.

ಬೆಳಿಗ್ಗೆ ಚಹದ ಹೊತ್ತಿಗೆ ಇದನ್ನೆಲ್ಲ ತಂದೆಯವರಿಗೆ ವಿವರಿಸಿದೆ. ಅವರು ಬಟ್ಟಲು ಕೆಳಗಿಟ್ಟರು.

“ಕೊಳವಿ ಬಿಚ್ಚಿದ ಕೂಡ್ಲೇ ಬ್ರೇಕು ಹೋತು?”

“ಹೌದು.”

“ಹಾಂಗಾರ ಅದು ಬ್ರೇಕಲ್ಲ.”

ಸ್ವಲ್ಪ ಹೊತ್ತು ಸುಮ್ಮನಿದ್ದು, ಯಾರೂ ಕೇಳದೆಯೇ, ಒಂದು ರಾತ್ರಿಯ ಕತೆ ಹೇಳಿದರು. ಊರಿನ ಹೆಸರು ಬೇಡ. ಒಂದು ಸಣ್ಣ ಸ್ಟೇಷನ್ನು. ನಾನಾಗ ಹೈಸ್ಕೂಲಿನಲ್ಲಿದ್ದೆನಂತೆ. ಗಾಳಿಮಳೆಯಲ್ಲಿ ಪ್ಯಾಸೆಂಜರ್ ಗಾಡಿಗೆ ಕೈ ಇಳಿಸಿ ಅವರು ಕ್ಯಾಬಿನ್ನಿನಲ್ಲಿ ನಿಂತಿದ್ದರು. ಎಳೆದ ಸನ್ನೆಗೋಲು ತಟ್ಟನೆ ಹಗುರಾಯಿತು. ದೂರದ ಹಸಿರು ದೀಪ ಕೆಂಪಾಯಿತು. ತಂತಿ ಹರಿದಿತ್ತು. ಗಾಡಿ ಕತ್ತಲಲ್ಲಿ ಕಿರುಚಿ ನಿಂತಿತು. ಅವರು ಕಂದೀಲು ಹಿಡಿದು ಮಳೆಯಲ್ಲಿ ನಡೆದುಹೋಗಿ, ಚಾಲಕನ ಬೈಗುಳ ಕೇಳಿ, ಹಸಿರು ತೋರಿಸುತ್ತ ಗಾಡಿಯ ಮುಂದೆ ನಡೆದು ಅದನ್ನು ಒಳಗೆ ತಂದರು. ತಡವಾದದ್ದಕ್ಕೆ ಲಿಖಿತ ಜಬಾಬು ಕೊಡಬೇಕಾಯಿತು. ಓದುಬರಹ ಅಷ್ಟಕ್ಕಷ್ಟೇ, ಬೇರೊಬ್ಬರಿಂದ ಬರೆಸಿದರು.

ಮುಂದೇನೋ ಅನಾಹುತವಿತ್ತು, ಸಿಗ್ನಲ್ಲು ಗಾಡಿಯನ್ನು ಉಳಿಸಿತು ಎಂದು ಕೇಳಲು ಹುಡುಗ ಬಾಯಿತೆರೆದು ಕಾದಿದ್ದ. “ಮುಂದ ಏನಿತ್ತು, ಮುತ್ತಜ್ಜಾ?”

“ಏನೂ ಇರಲಿಲ್ಲ, ಮರಿ. ದಾರಿ ಖಾಲೀನ ಇತ್ತು. ಖರೇ, ಕೈಗೇನು ಗೊತ್ತು? ಗೊತ್ತಿಲ್ಲದಾಗ ನಿಂದ್ರಸಬೇಕು.”

ಜಬಾಬು ಬರೆಸಲು ಮನೆಯಲ್ಲಿ ಹೈಸ್ಕೂಲು ಓದುವ ಮಗನಿದ್ದನಲ್ಲ, ನನ್ನನ್ನೇಕೆ ಕೇಳಲಿಲ್ಲ ಎಂದು ನಾನು ಕೇಳಬಹುದಾಗಿತ್ತು. ಕೇಳಲಿಲ್ಲ. ಬುತ್ತಿ ತಂದ ದಿನ ಅದಕ್ಕಿಂತ ಮೊದಲೋ ಆಮೇಲೋ ಎಂದು ಲೆಕ್ಕ ಹಾಕುತ್ತ ಕುಳಿತೆ. ಗಣಿತದ ಮಾಸ್ತರನಾದರೂ ಆ ಲೆಕ್ಕ ಹೊಂದಲಿಲ್ಲ.

ಎರಡನೆಯ ಕೈಮರಕ್ಕೆ ನರಗುಂದದ ಗಡಿಯಾರದವರು ಕೈಯ ಹಿಂಬದಿಗೆ ಬೆಸುಗೆಯ ಒಂದು ಹನಿ ಕೂರಿಸಿಕೊಟ್ಟರು. ಬುಡಕ್ಕೆ ಸೀಸದ ಚೂರಿನ ಸನ್ನೆ. ಅಕ್ಕಿಕಾಳಿನಷ್ಟು ತೂಕ ಹೆಚ್ಚಾದರೆ ಕೈ ಇಳಿಯದು, ಕಡಿಮೆಯಾದರೆ ಏಳದು. ಇದನ್ನು ಹೊಂದಿಸಲು ನಾಲ್ಕು ದಿನ ಹಿಡಿಯಿತು. ದೀಪದ ಗುಟ್ಟನ್ನು ಹೇಳಿದವರೂ ತಂದೆಯವರೇ. ಸೀಮೆ ಎಣ್ಣೆಯ ಉರಿ ಹಳದಿ. ಅದರ ಮುಂದೆ ನೀಲಿ ಛಾಯೆಯ ಗಾಜು ಬಂದರೆ ದೂರಕ್ಕೆ ಹಸಿರಾಗಿ ಕಾಣುತ್ತದಂತೆ. ನಮ್ಮ ಮನೆಯವಳ ಒಡೆದ ನೀಲಿ ಬಳೆಯ ಚೂರನ್ನು ಹಳದಿ ಬಲ್ಬಿನ ಮುಂದೆ ಹಿಡಿದೆವು; ಹಸಿರೇ ಹಸಿರು. ಇನ್ನೊಂದು ಕೆಂಪು ಬಳೆ ಬೇಕೆಂದಾಗ ಅವಳು ತಾನೇ ಒಂದನ್ನು ಒಡೆದು ಕೊಟ್ಟಳು. ರೈಲಿಗೆ ಅವಳ ಒಪ್ಪಿಗೆ ಸಿಕ್ಕಿದ ದಿನ ಅದು.

ಹುಡುಗ ಹೊರಡುವ ಹಿಂದಿನ ಸಂಜೆ ಪರೀಕ್ಷೆ. ಕತ್ತರಿಯನ್ನು ಈ ಸಲ ಅವನೇ ತಂದು ಮುತ್ತಜ್ಜನಿಗೆ ಕೊಟ್ಟ. ಅವರು ತೆಗೆದುಕೊಳ್ಳಲಿಲ್ಲ. “ನೀನ ಕತ್ತರಸು” ಎಂದರು. ಸನ್ನೆಗೋಲು ಎಳೆದಿತ್ತು, ಕೈ ಇಳಿದಿತ್ತು, ದೀಪ ಹಸಿರಿತ್ತು. ಹುಡುಗ ಉಸಿರು ಬಿಗಿಹಿಡಿದು ನೂಲನ್ನು ಕತ್ತರಿಸಿದ. ಕೈ ನಡುಗಿತು, ನಿಂತಂತಾಯಿತು, ಆಮೇಲೆ ನಿಧಾನವಾಗಿ ಎದ್ದು ಅಡ್ಡಲಾಗಿ ನಿಂತಿತು. ದೀಪ ಕೆಂಪಾಯಿತು. ತಂದೆಯವರು ಏನೂ ಅನ್ನಲಿಲ್ಲ. ಮಬ್ಬುಗಣ್ಣನ್ನು ಆ ಕೆಂಪಿಗೆ ಹತ್ತಿರ ಒಯ್ದು ನೋಡುತ್ತಲೇ ಇದ್ದರು.

ಹುಡುಗ ಈಗ ಡಬ್ಲಿನ್ನಿನಲ್ಲಿ ತನ್ನ ಐರಿಷ್ ಸ್ಟೇಷನ್ನನ್ನು ಕಟ್ಟುತ್ತಿದ್ದಾನೆ. ಅವನ ಗೆಳೆಯರು ತಂತಮ್ಮ ಸಿಗ್ನಲ್ಲುಗಳನ್ನು ತೋರಿಸಲು ಬಂದರೆ ಮೊದಲು ಕತ್ತರಿ ಕೇಳುತ್ತಾನಂತೆ. ಗೆಳೆಯರು ಕಡಿಮೆಯಾಗುತ್ತಿದ್ದಾರೆಂದು ಅವನ ತಾಯಿಯ ದೂರು. ಇಲ್ಲಿ ರೋಣದಲ್ಲಿ ನಮ್ಮ ಬಾಗಿಲಿನ ಹಲಗೆ ಪಡಸಾಲೆಯಲ್ಲಿಯೇ ಇದೆ. ರಾತ್ರಿ ಮಲಗುವ ಮುನ್ನ ತಂದೆಯವರು ಗೋಡೆ ಹಿಡಿದುಕೊಂಡು ಅದರ ಹತ್ತಿರ ಬರುತ್ತಾರೆ. ಎರಡೂ ಕಡೆಯ ಕೈಗಳು ಮೇಲಿವೆಯೇ ಎಂದು ಬೆರಳಿನಿಂದ ಮುಟ್ಟಿ ನೋಡುತ್ತಾರೆ. ಆಮೇಲೆ ನನ್ನನ್ನು ಕರೆದು, ದೀಪ ಆರಿಸೆನ್ನುತ್ತಾರೆ.